ಮುಳುಗುಗಾರನ ಭಯ ಮತ್ತು ಮೇಲಿನ ಹಗ್ಗ

ಭಾರತ ಮತ್ತು ಶ್ರೀಲಂಕಾಗಳ ನಡುವಿನ ಮನ್ನಾರ್ ಕೊಲ್ಲಿಯಲ್ಲಿ ಶತಮಾನಗಳ ಕಾಲ ನಡೆದ ಮುತ್ತಿನ ಸಿಂಪಿಯ ಉದ್ಯಮದಲ್ಲಿ, ನೀರಿಗಿಳಿಯುವವನ ಭಯವನ್ನು ಅವನೊಬ್ಬನ ದೌರ್ಬಲ್ಯವೆಂದು ಎಣಿಸದೆ, ದೋಣಿಯ ಒಡೆಯರೂ ವ್ಯಾಪಾರಿಗಳೂ ಖರ್ಚು ಹಾಕಿ ನಿಭಾಯಿಸಬೇಕಾದ ಬಾಬತ್ತೆಂದು ತಿಳಿಯಲಾಗಿತ್ತು. 13ನೆಯ ಶತಮಾನದ ಕೊನೆಯಲ್ಲಿ ಈ ಕರಾವಳಿಯನ್ನು ಕುರಿತು ಹೇಳಿದ ಮಾರ್ಕೊ ಪೋಲೊ, ಅಪಾಯಕಾರಿ ಮೀನುಗಳನ್ನು ಮಂತ್ರದಿಂದ ಕಟ್ಟಿಹಾಕಲು ಬ್ರಾಹ್ಮಣರನ್ನು ಕರೆತರಲಾಗುತ್ತಿತ್ತೆಂದೂ, ದೊರೆತದ್ದರಲ್ಲಿ ಇಪ್ಪತ್ತನೆಯ ಒಂದು ಪಾಲು ಅವರಿಗೆ ಸಲ್ಲುತ್ತಿತ್ತೆಂದೂ, ಆ ಕಟ್ಟು ಹಗಲಿಗಷ್ಟೇ ಇದ್ದು ರಾತ್ರಿ ಅದನ್ನು ಬಿಚ್ಚಿಬಿಡುತ್ತಿದ್ದರೆಂದೂ ತಿಳಿಸುತ್ತಾನೆ. ಕತ್ತಲಲ್ಲಿ ಕದ್ದು ಸಿಂಪಿ ತೆಗೆಯುವವರನ್ನು ದೂರವಿಡಲು ಇದಕ್ಕಿಂತ ಅಗ್ಗದ ಕಾವಲು ಬೇರೆ ಇದ್ದಿರಲಾರದು.

ತಮಿಳಿನಲ್ಲಿ ‘ಕಡಲ್ ಕಟ್ಟಿ’, ಅಂದರೆ ಕಡಲಿಗೆ ದಿಗ್ಬಂಧನ ಹಾಕುವವನು, ಎಂದು ಕರೆಯಲಾಗುತ್ತಿದ್ದ ಈ ಮಂತ್ರಗಾರನ ವೃತ್ತಿ ಬ್ರಿಟಿಷರ ಕಾಲದವರೆಗೂ ಉಳಿದು ಬಂದಿತು. 1803ರಲ್ಲಿ ಸಿಂಹಳದ ಬಗ್ಗೆ ಪುಸ್ತಕ ಪ್ರಕಟಿಸಿದ ರಾಬರ್ಟ್ ಪರ್ಸಿವಲ್, ದೋಣಿಗಳು ಮರಳುವವರೆಗೂ ದಡದಲ್ಲಿ ನಿಂತು ಜಪಿಸುವ ಮಂತ್ರಗಾರರನ್ನು ವರ್ಣಿಸಿದ್ದಾನೆ. ಅರ್ಧ ಶತಮಾನದ ಬಳಿಕ ಬರೆದ ಜೇಮ್ಸ್ ಎಮರ್ಸನ್ ಟೆನೆಂಟ್, ದ್ವೀಪದ ವಸಾಹತು ಕಾರ್ಯದರ್ಶಿಯಾಗಿದ್ದಾಗ ಕಂಡದ್ದು ಇನ್ನೂ ವಿಚಿತ್ರ: ವಂಶಪಾರಂಪರ್ಯವಾಗಿ ಬಂದ ಈ ವಿದ್ಯೆಯ ಯಜಮಾನ ಆ ವೇಳೆಗೆ ರೋಮನ್ ಕ್ಯಾಥೊಲಿಕನಾಗಿದ್ದ, ಕಾಯಿಲೆ ಬಿದ್ದಿದ್ದ ಅವನು ಕಳಿಸಿದ ಬದಲಿ ಮನುಷ್ಯನಾದರೋ, ತನಗೆ ಮಂತ್ರ ಬಾರದಿದ್ದರೂ ಯಜಮಾನನ ಪ್ರತಿನಿಧಿಯೆಂಬ ಕಾರಣಕ್ಕೆ ಶಾರ್ಕ್‌ಗಳು ತನ್ನನ್ನು ಮನ್ನಿಸುತ್ತವೆಂದು ಸಮಾಧಾನ ಹೇಳಿದ. ಟೆನೆಂಟ್ ಇದನ್ನು ನಗೆಯ ಧಾಟಿಯಲ್ಲೇ ದಾಖಲಿಸುತ್ತಾನೆ. ಆದರೆ ಮಂತ್ರವೇ ಬಾರದವನನ್ನೂ ನಂಬಿ ಜನ ನೀರಿಗೆ ಧುಮುಕುತ್ತಿದ್ದರೆಂದರೆ, ಅವರಿಗೆ ಬೇಕಾಗಿದ್ದದ್ದು ತಮ್ಮ ಸಲುವಾಗಿ ಮೇಲೆ ಒಬ್ಬ ಎಚ್ಚರವಾಗಿದ್ದಾನೆಂಬ ಭರವಸೆ ಎಂದೇ ತಿಳಿಯಬೇಕಾಗುತ್ತದೆ.

ಆ ಭರವಸೆಯ ಲೌಕಿಕ ರೂಪ ಹಗ್ಗವಾಗಿತ್ತು. ಭಾರದ ಕಲ್ಲಿನ ಮೇಲೆ ಕಾಲಿಟ್ಟು ಐದರಿಂದ ಹತ್ತು ಮಾರು ಆಳಕ್ಕೆ ಇಳಿದವನು ಒಂದು ನಿಮಿಷದ ಆಸುಪಾಸಿನಲ್ಲಿ ಬಲೆಚೀಲಕ್ಕೆ ಸಿಂಪಿ ತುಂಬಿ ಹಗ್ಗ ಜಗ್ಗಿದರೆ, ದೋಣಿಯಲ್ಲಿದ್ದ ಜೊತೆಗಾರ ತಡಮಾಡದೆ ಮೇಲೆಳೆಯುತ್ತಿದ್ದ. ಲಂಡನ್ನಿನಲ್ಲಿ ನೆಲೆಸಿದ್ದ ಅಗಸ್ಟಸ್ ಸೀಬೆ 1830ರ ದಶಕದ ಕೊನೆಗೆ ರೂಪಿಸಿದ, ಲೋಹದ ಶಿರಸ್ತ್ರಾಣಕ್ಕೆ ಮೇಲಿನಿಂದ ಗಾಳಿ ಪಂಪು ಮಾಡುವ ಮುಚ್ಚಿದ ಉಡುಪಿನಲ್ಲಿಯೂ ಈ ಏರ್ಪಾಡು ಬದಲಾಗಲಿಲ್ಲ. ಗಾಳಿಯ ಕೊಳವೆಯೊಡನೆ ಜೀವರಕ್ಷಕ ಹಗ್ಗವೂ ಇಳಿಯುತ್ತಿತ್ತು, ಎಷ್ಟು ಸಲ ಎಳೆದರೆ ಏನರ್ಥವೆಂಬುದು ಗೊತ್ತಾಗಿರುತ್ತಿತ್ತು.

1943ರಲ್ಲಿ ಫ್ರಾನ್ಸಿನ ಝಾಕ್ ಕೂಸ್ಟೊ ಮತ್ತು ಎಮಿಲ್ ಗಾನ್ಯಾನ್ ಸಿದ್ಧಪಡಿಸಿದ ಅಕ್ವಾಲಂಗ್ ಈ ಹಗ್ಗವನ್ನು ಕಡಿಯಿತು. ಬೆನ್ನ ಮೇಲಿನ ಸಿಲಿಂಡರಿನಲ್ಲಿ ಒತ್ತಿ ತುಂಬಿದ ಗಾಳಿಯನ್ನು, ಉಸಿರೆಳೆದಾಗಲಷ್ಟೇ, ಸುತ್ತಲಿನ ನೀರಿನ ಒತ್ತಡಕ್ಕೆ ಸಮನಾಗಿಸಿ ಬಾಯಿಗೆ ಒದಗಿಸುವ ರೆಗ್ಯುಲೇಟರ್ ಇದರ ಜೀವಾಳ. ಇದರಿಂದ ದೊರೆತ ಸ್ವಾತಂತ್ರ್ಯವನ್ನು ಹೊಗಳಿದವರು ಬಹಳ. ಆ ಸ್ವಾತಂತ್ರ್ಯದ ಜೊತೆಗೇ ಭಯವನ್ನು ನಿಭಾಯಿಸುವ ಹೊಣೆಯೂ ದೋಣಿಯಿಂದ ಮುಳುಗುಗಾರನ ಹೆಗಲಿಗೆ ದಾಟಿತೆಂಬುದನ್ನು ಗಮನಿಸಿದವರು ಕಡಿಮೆ. ಮುಚ್ಚಿದ ಜಾಗದಲ್ಲಿ ಸಿಕ್ಕಿಬಿದ್ದೆನೆಂಬ ತೀವ್ರ ದಿಗಿಲಿಗೆ 1879ರಲ್ಲಿ ಬೆಂಜಮಿನ್ ಬಾಲ್ ಎಂಬ ವೈದ್ಯ ಕ್ಲಾಸ್ಟ್ರೊಫೋಬಿಯಾ ಎಂದು ಹೆಸರಿಟ್ಟಿದ್ದ. ದಿಗಂತದವರೆಗೆ ತೆರೆದುಕೊಂಡ ಕಡಲಿನಲ್ಲಿ ಅದು ಕಾಣಿಸಿಕೊಳ್ಳುವುದು ಅಸಂಗತವೆನಿಸಬಹುದಾದರೂ, ಮೂಗನ್ನು ಮುಚ್ಚಿ ದೃಷ್ಟಿಯನ್ನು ಕಿರಿದುಗೊಳಿಸುವ ಮಾಸ್ಕ್, ಎದೆಯನ್ನು ಬಿಗಿಯುವ ಉಡುಪು, ಹಲ್ಲಿನಲ್ಲಿ ಕಚ್ಚಿಕೊಂಡ ರಬ್ಬರ್, ಇವೆಲ್ಲ ಸೇರಿ ಹೊಸಬನ ಮೈಸುತ್ತಲೇ ಒಂದು ಇಕ್ಕಟ್ಟಿನ ಕೋಣೆಯನ್ನು ಕಟ್ಟುತ್ತವೆ.

1950ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಸ್ಕ್ರಿಪ್ಸ್ ಸಾಗರವಿಜ್ಞಾನ ಸಂಸ್ಥೆಯಲ್ಲಿ ಕಾನ್ರಾಡ್ ಲಿಂಬಾ ವಿಜ್ಞಾನಿಗಳಿಗಾಗಿ ರೂಪಿಸಿದ ತರಬೇತಿಯೂ, ಅದರಿಂದ ಪಾಠ ಕಲಿತು ಲಾಸ್ ಏಂಜಲೀಸ್ ಕೌಂಟಿ ಸಾರ್ವಜನಿಕರಿಗಾಗಿ ತೆರೆದ ತರಗತಿಗಳೂ ಈ ಹೊಣೆಯನ್ನು ಕಲಿಸುವ ಮೊದಲ ವ್ಯವಸ್ಥಿತ ಯತ್ನಗಳಲ್ಲಿ ಸೇರುತ್ತವೆ. ಇಬ್ಬಿಬ್ಬರಾಗಿ ಇಳಿಯುವ ಕಟ್ಟಳೆ ಹಗ್ಗದ ಸ್ಥಾನಕ್ಕೆ ಬಂದಿತು. ಅಂದಿನ ಕಲಿಸುವ ಕ್ರಮದಲ್ಲಿ ಸೈನ್ಯದ ಖದರು ಎದ್ದು ಕಾಣುತ್ತಿತ್ತು: ಕೊಳದ ತಳದಲ್ಲಿದ್ದ ಕಲಿಕೆಯವನ ಮಾಸ್ಕನ್ನು ಶಿಕ್ಷಕನೇ ಕಿತ್ತೆಳೆಯುವುದು, ಗಾಳಿಯನ್ನು ನಿಲ್ಲಿಸಿಬಿಡುವುದು ಇತ್ಯಾದಿ. ಇದರಿಂದ ಗಟ್ಟಿಗರ ಆಯ್ಕೆ ಸುಲಭವಾಯಿತೇ ಹೊರತು ಅಂಜುವವನಿಗೆ ಅಂಜಿಕೆ ನೀಗುವ ದಾರಿ ತಿಳಿಯಲಿಲ್ಲ. ಪಳಗಿದವನಿಗೂ ವಿನಾಯಿತಿಯಿಲ್ಲವೆಂಬುದಕ್ಕೆ ಲಿಂಬಾನ ಸಾವೇ ಸಾಕ್ಷಿ. 1960ರಲ್ಲಿ ಫ್ರಾನ್ಸಿನ ಕಾಸಿಸ್ ಊರಿನ ಬಳಿಯ ನೀರೊಳಗಿನ ಗುಹೆಯಲ್ಲಿ ದಾರಿ ತಪ್ಪಿ ಅವನು ಅಸುನೀಗಿದ.

ಅದೇ 1960ರಲ್ಲಿ ನಾವಿ, 1966ರಲ್ಲಿ ಪ್ಯಾಡಿ ಎಂಬ ತರಬೇತಿ ಸಂಸ್ಥೆಗಳು ಹುಟ್ಟಿ, ಸಿಲಿಂಡರ್ ಹೊತ್ತು ಮುಳುಗುವ ಸ್ಕೂಬಾ ಜನಸಾಮಾನ್ಯರ ಹವ್ಯಾಸವಾದಂತೆ ಕಲಿಸುವ ಕ್ರಮದ ಈ ಬಿರುಸು ತಗ್ಗಿತು. ದಿಗಿಲಿನ ಶರೀರಶಾಸ್ತ್ರವೂ ಸ್ಪಷ್ಟವಾಗತೊಡಗಿತು. ಹೆದರಿದವನು ಬೇಗಬೇಗನೆ ಮೇಲುಸಿರು ಬಿಡುತ್ತಾನೆ. ಹತ್ತು ಮೀಟರ್ ಆಳದಲ್ಲಿ ಒತ್ತಡ ಇಮ್ಮಡಿಯಾಗಿ ಗಾಳಿಯೂ ಅಷ್ಟೇ ಸಾಂದ್ರವಾಗಿರುವುದರಿಂದ ಅಂಥ ಉಸಿರಿನಲ್ಲಿ ಇಂಗಾಲದ ಡೈಆಕ್ಸೈಡ್ ಪೂರ್ತಿ ಹೊರಹೋಗದೆ ಮೈಯಲ್ಲಿ ಉಳಿಯುತ್ತದೆ. ಅದು ಸಿಲಿಂಡರ್ ತುಂಬಿದ್ದರೂ ಗಾಳಿ ಸಾಲದೆಂಬ ತಳಮಳವನ್ನು ಹುಟ್ಟಿಸಿ ಹೆದರಿಕೆಯನ್ನು ಇನ್ನಷ್ಟು ಬೆಳೆಸುತ್ತದೆ. ಆಗ ಉಸಿರು ಹಿಡಿದು ಧಾವಿಸಿ ಮೇಲೇರಿದರೆ ಹಿಗ್ಗುವ ಗಾಳಿಯಿಂದ ಶ್ವಾಸಕೋಶವೇ ಹರಿಯಬಹುದು. ಆದ್ದರಿಂದ ನಿಲ್ಲು, ಉಸಿರಾಡು, ಯೋಚಿಸು, ಬಳಿಕ ಮಾಡು ಎಂಬ ಕ್ರಮ ಪಾಠದಲ್ಲಿ ಸೇರಿತು. ಮಾಸ್ಕಿಗೆ ತಾನೇ ನೀರು ತುಂಬಿಸಿ ಮೂಗಿನಿಂದ ಊದಿ ತೆರವು ಮಾಡುವುದನ್ನು ಎದೆಮಟ್ಟದ ನೀರಿನಲ್ಲಿ ಮೊದಲು ರೂಢಿ ಮಾಡಿಸಲಾಯಿತು. 1987ರಲ್ಲಿ ಆರ್ಥರ್ ಬ್ಯಾಕ್ರಾಕ್ ಮತ್ತು ಗ್ಲೆನ್ ಎಗ್‌ಸ್ಟ್ರಾಮ್ ಪ್ರಕಟಿಸಿದ ಗ್ರಂಥ ಮುಳುಗುಗಾರಿಕೆಯಲ್ಲಿನ ಮಾನಸಿಕ ಒತ್ತಡವನ್ನೇ ವಿಷಯವಾಗಿ ತೆಗೆದುಕೊಂಡಿತು.

ಇಂದು ಉತ್ತರ ಕನ್ನಡದ ಮುರುಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಿ ಮೊದಲ ಬಾರಿ ಸ್ಕೂಬಾ ಮಾಡುವ ಪ್ರವಾಸಿಗರಿಗೆ ಈ ದೀರ್ಘ ಶಿಕ್ಷಣಕ್ಕೆ ಸಮಯವಿರುವುದಿಲ್ಲ. ಉಸಿರಾಟವನ್ನೂ ನಾಲ್ಕಾರು ಕೈಸನ್ನೆಗಳನ್ನೂ ಕಲಿತು ಇಳಿಯುವ ಅವರನ್ನು ತರಬೇತುದಾರ ಉದ್ದಕ್ಕೂ ಹಿಡಿದುಕೊಂಡೇ ಇರುತ್ತಾನೆ; ಹೆಬ್ಬೆರಳನ್ನು ಮೇಲೆ ತೋರಿಸಿದರೆ, ಕಾರಣ ಕೇಳದೆ, ಮೇಲಕ್ಕೆ ಕರೆತರಬೇಕೆಂಬುದು ಎಲ್ಲ ದೇಶಗಳ ಮುಳುಗುಗಾರರೂ ಒಪ್ಪಿದ ನಿಯಮ.