ಹುಟ್ಟು ಯಾರ ಕೈಗೆ? 200 ವರ್ಷ ದಾಟಿದ ಒಂದು ಕಾಲೇಜು ದೋಣಿ ಕ್ಲಬ್‌ನ ಕಥೆ

ಪ್ಲೇಸ್‌ಮೆಂಟ್ ದಿನ ನಮ್ಮ ಎಂಜಿನಿಯರಿಂಗ್ ಹುಡುಗ ಹುಡುಗಿಯರು ಸ್ನೇಹಿತರ ಹತ್ತಿರ ಸಾಲ ತಂದಾದರೂ ತೊಡುವ ಬ್ಲೇಜರ್ ಇದೆಯಲ್ಲ, ಆ ಹೆಸರಿನ ಮೂಲ ಹುಡುಕಿಕೊಂಡು ಹೋದರೆ ಸಿಗೋದು ಒಂದು ಕಾಲೇಜಿನ ದೋಣಿ ಕ್ಲಬ್. ಇಂಗ್ಲೆಂಡಿನ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಸೇಂಟ್ ಜಾನ್ಸ್ ಕಾಲೇಜಿನ ಲೇಡಿ ಮಾರ್ಗರೆಟ್ ಬೋಟ್ ಕ್ಲಬ್. ಅದರ ಸದಸ್ಯರು ತೊಡುತ್ತಿದ್ದ ಕಡುಗೆಂಪು ಜಾಕೆಟ್ ಕೆಂಡದ ಹಾಗೆ ಹೊಳೆಯುತ್ತಿತ್ತು. ಅದಕ್ಕೇ ಬ್ಲೇಜರ್ ಅನ್ನುವ ಹೆಸರು ಬಂತು ಎಂಬುದು ಹೆಚ್ಚಿನವರು ಒಪ್ಪಿಕೊಂಡು ಬಂದಿರುವ ವಿವರಣೆ.

ಕೋಣನಕುಂಟೆಯಲ್ಲಿ ಕೂತು ಈ ಕಥೆ ಯಾಕೆ ಓದಬೇಕು? ಕಾರಣ ಇದೆ. ಒಂದು ಕಾಲೇಜು ಕ್ಲಬ್ ಹೇಗೆ ಬೆಳೆಯಿತು, ಹೇಗೆ ಗೆದ್ದಿತು ಎಂಬುದರ ಜೊತೆಗೇ ಯಾರನ್ನು ದಡದಲ್ಲೇ ನಿಲ್ಲಿಸಲಾಯಿತು ಎಂಬ ಲೆಕ್ಕವೂ ಇದರಲ್ಲಿದೆ. ಆ ಲೆಕ್ಕ ನಮಗೆ ಹೊಸದೇನಲ್ಲ.

12 ಜನರಿಂದ ಶುರು

1825ರಲ್ಲಿ ಸೇಂಟ್ ಜಾನ್ಸ್ ಕಾಲೇಜಿನ 12 ಜನ ಸೇರಿ ಕ್ಲಬ್ ಕಟ್ಟಿದರು. ಹೆಸರು ಇಟ್ಟಿದ್ದು ಲೇಡಿ ಮಾರ್ಗರೆಟ್ ಬ್ಯೂಫೋರ್ಟ್ ಅವರದ್ದು. ಇಂಗ್ಲೆಂಡಿನ ದೊರೆ ಏಳನೇ ಹೆನ್ರಿಯ ತಾಯಿ ಈಕೆ. ಆಕೆ ಬಿಟ್ಟುಹೋದ ಆಸ್ತಿಯಿಂದಲೇ 1511ರಲ್ಲಿ ಕಾಲೇಜು ಸ್ಥಾಪನೆಯಾಗಿತ್ತು.

ನಾಲ್ಕು ವರ್ಷಗಳಲ್ಲಿ ಈ ಕ್ಲಬ್ ಇತಿಹಾಸಕ್ಕೆ ಸೇರಿತು. 1829ರ ಮಾರ್ಚ್‌ನಲ್ಲಿ ಕ್ಲಬ್‌ನ ವಿಲಿಯಂ ಸ್ನೋ ಆಕ್ಸ್‌ಫರ್ಡ್‌ನ ಚಾರ್ಲ್ಸ್ ವರ್ಡ್ಸ್‌ವರ್ತ್‌ಗೆ ಕಾಗದ ಬರೆದ. ಸಾರಾಂಶ ಇಷ್ಟೇ: ತಾಕತ್ತಿದ್ದರೆ ಬನ್ನಿ, ಎಂಟು ಹುಟ್ಟುಗಳ ದೋಣಿಯಲ್ಲಿ ನಮ್ಮ ಮೇಲೆ ಸ್ಪರ್ಧೆ ಮಾಡಿ. ಅದೇ ವರ್ಷ ಜೂನ್ 10ರಂದು ಥೇಮ್ಸ್ ನದಿಯ ಹೆನ್ಲಿಯಲ್ಲಿ ಮೊದಲ ಆಕ್ಸ್‌ಫರ್ಡ್–ಕೇಂಬ್ರಿಡ್ಜ್ ದೋಣಿ ಸ್ಪರ್ಧೆ ನಡೆಯಿತು. ಸವಾಲು ಹಾಕಿದ ಕೇಂಬ್ರಿಡ್ಜ್ ಸೋತಿತು. ಆದರೆ ಅಲ್ಲಿಂದ ಶುರುವಾದ ಪೈಪೋಟಿ ಇವತ್ತಿಗೂ ನಡೆಯುತ್ತಿದೆ.

ಕಿರಿದಾದ ನದಿ, ಹೊಸ ನಿಯಮ

ಅಂತರರಾಷ್ಟ್ರೀಯ ರೋಯಿಂಗ್‌ಗೆ 2,000 ಮೀಟರ್ ನೇರ ನೀರು ಬೇಕು. ಒಂದೊಂದು ದೋಣಿಗೆ 13.5 ಮೀಟರ್ ಅಗಲದ ಹಾದಿ. ಆರು ದೋಣಿ ಅಂದರೆ 81 ಮೀಟರ್. ಕೇಂಬ್ರಿಡ್ಜ್‌ನ ಕ್ಯಾಮ್ ನದಿಯಲ್ಲಿ ಅಷ್ಟು ಅಗಲ ಎಲ್ಲಿಂದ ತರೋದು? ಎರಡು ದೋಣಿ ಅಕ್ಕಪಕ್ಕ ಓಡುವುದೇ ಕಷ್ಟ.

ಅಲ್ಲಿನವರು ನದಿಯನ್ನು ಬೈದುಕೊಂಡು ಕೂರಲಿಲ್ಲ, ಆಟದ ನಿಯಮವನ್ನೇ ಬದಲಿಸಿದರು. 1827ರಿಂದ ನಡೆದು ಬಂದಿರುವ ಈ ಪದ್ಧತಿಗೆ ಬಂಪ್ಸ್ ಎಂದು ಹೆಸರು. ದೋಣಿಗಳು ಒಂದರ ಹಿಂದೆ ಒಂದು ನಿಲ್ಲುತ್ತವೆ. ನಡುವೆ ಸುಮಾರು ಒಂದೂವರೆ ದೋಣಿಯಷ್ಟು ಅಂತರ. ತೋಪು ಹಾರಿದ ಕೂಡಲೇ ಎಲ್ಲವೂ ಹೊರಡುತ್ತವೆ. ಹಿಂದಿನ ದೋಣಿ ಮುಂದಿನದನ್ನು ಮುಟ್ಟಬೇಕು, ತನ್ನ ಹಿಂದಿನದು ತನ್ನನ್ನು ಮುಟ್ಟದ ಹಾಗೆ ನೋಡಿಕೊಳ್ಳಬೇಕು. ಮುಟ್ಟಿದರೆ ಮರುದಿನ ಎರಡೂ ದೋಣಿಗಳ ಸ್ಥಾನ ಅದಲು ಬದಲು. ಹೀಗೆ ನಾಲ್ಕು ದಿನ. ಮೇ ಬಂಪ್ಸ್ ಎಂಬ ದೊಡ್ಡ ಸ್ಪರ್ಧೆ ಹೆಸರಿಗಷ್ಟೇ ಮೇ, ನಡೆಯೋದು ಜೂನ್‌ನಲ್ಲಿ.

ಅಪಾಯವೂ ಇತ್ತು. 1888ರಲ್ಲಿ ಹಿಂದಿನ ದೋಣಿಯ ಚೂಪಾದ ಮೂತಿ ತಗುಲಿ ಕ್ಲೇರ್ ಕಾಲೇಜಿನ ವಿದ್ಯಾರ್ಥಿಯೊಬ್ಬ ಸತ್ತ. ಆಮೇಲೆ ದೋಣಿಗಳ ಮೂತಿಗೆ ಮೆತ್ತನೆಯ ಚೆಂಡು ಸಿಕ್ಕಿಸುವುದು ಕಡ್ಡಾಯವಾಯಿತು. ಇಂದು ಜಗತ್ತಿನ ಎಲ್ಲ ಸ್ಪರ್ಧಾ ದೋಣಿಗಳಲ್ಲೂ ಆ ಚೆಂಡು ಇದೆ.

ಈ ಪದ್ಧತಿಯ ನಿಜವಾದ ಸ್ವಾರಸ್ಯ ಬೇರೆ ಕಡೆ ಇದೆ. ಈ ವರ್ಷ ನೀವು ಎಲ್ಲಿಗೆ ಮುಗಿಸುತ್ತೀರೋ ಮುಂದಿನ ವರ್ಷ ನಿಮ್ಮ ಕಿರಿಯರು ಅಲ್ಲಿಂದಲೇ ಶುರು ಮಾಡುತ್ತಾರೆ. ಸ್ಥಾನ ಆಸ್ತಿಯ ಹಾಗೆ ಕೈ ಬದಲಾಗುತ್ತದೆ. ಮೊದಲ ಬಾರಿ ಬರುವ ದೋಣಿ ಎಷ್ಟೇ ಗಟ್ಟಿಯಿದ್ದರೂ ಕೊನೆಯಿಂದ ಹೊರಡಬೇಕು, ದಿನಕ್ಕೊಂದು ಮೆಟ್ಟಿಲು ಹತ್ತಬೇಕು. ‘ಎಲ್ಲರಿಗೂ ಒಂದೇ ನದಿ, ಎಲ್ಲರಿಗೂ ಒಂದೇ ನಿಯಮ’ ಎನ್ನುವವರಿಗೆ ಇದೊಂದು ಒಳ್ಳೆಯ ಉತ್ತರ. ನದಿ ಒಂದೇ ಇರಬಹುದು, ಹೊರಡುವ ಜಾಗ ಒಂದೇ ಅಲ್ಲ.

ಗೆಲುವಿನ ದಿನಗಳು

1861ರಿಂದ 1869ರವರೆಗೆ ಸತತ ಒಂಬತ್ತು ವರ್ಷ ಕೇಂಬ್ರಿಡ್ಜ್ ಆಕ್ಸ್‌ಫರ್ಡ್‌ಗೆ ಸೋತಿತು. 1870ರಲ್ಲಿ ಆ ಸರಣಿ ಮುರಿದ ತಂಡವನ್ನು ಮುನ್ನಡೆಸಿದ್ದು ಲೇಡಿ ಮಾರ್ಗರೆಟ್ ಕ್ಲಬ್‌ನ ಜಾನ್ ಗೋಲ್ಡಿ. ಕೇಂಬ್ರಿಡ್ಜ್‌ನ ಎರಡನೇ ತಂಡಕ್ಕೆ ಆಮೇಲೆ ಆತನ ಹೆಸರನ್ನೇ ಇಟ್ಟರು.

ಕ್ಲಬ್‌ನ ಅತಿ ದೊಡ್ಡ ಜಯ ಬಂದಿದ್ದು 1951ರಲ್ಲಿ. ಹೆನ್ಲಿ ರಾಯಲ್ ರೆಗಟ್ಟಾದ ಗ್ರ್ಯಾಂಡ್ ಚಾಲೆಂಜ್ ಕಪ್ ಅಂದರೆ ಎಂಟು ಜನರ ದೋಣಿಗೆ ಅಲ್ಲಿ ಸಿಗುವ ಅತ್ಯುನ್ನತ ಪ್ರಶಸ್ತಿ. ದೊಡ್ಡ ದೊಡ್ಡ ಕ್ಲಬ್‌ಗಳು ಸೆಣಸುವ ಜಾಗದಲ್ಲಿ ಒಂದೇ ಒಂದು ಕಾಲೇಜಿನ ಹುಡುಗರು ಅದನ್ನು ಗೆದ್ದರು. ಕೆಲವೇ ವರ್ಷಗಳ ನಂತರ ಇದೇ ಕಾಲೇಜಿಗೆ ಅರ್ಥಶಾಸ್ತ್ರ ಓದಲು ಹೋಗಿ 1957ರಲ್ಲಿ ಪದವಿ ಪಡೆದವರು ಮನಮೋಹನ್ ಸಿಂಗ್.

ದಡದಲ್ಲಿ ನಿಂತವರು

ಈಗ ಇನ್ನೊಂದು ಬದಿ ನೋಡೋಣ. ಕಾಲೇಜು ಕಟ್ಟಲು ಆಸ್ತಿ ಬಿಟ್ಟಿದ್ದು ಒಬ್ಬ ಹೆಣ್ಣುಮಗಳು, ಕ್ಲಬ್‌ಗೆ ಇಟ್ಟಿದ್ದೂ ಅದೇ ಹೆಣ್ಣುಮಗಳ ಹೆಸರು. ಆದರೆ ಸೇಂಟ್ ಜಾನ್ಸ್ ಕಾಲೇಜಿಗೆ ವಿದ್ಯಾರ್ಥಿನಿಯರು ಕಾಲಿಟ್ಟಿದ್ದು 1981ರಲ್ಲಿ, ಅದೂ ಸ್ನಾತಕೋತ್ತರ ತರಗತಿಗೆ. ಪದವಿ ತರಗತಿಗೆ 1982ರಲ್ಲಿ. ಅಂದರೆ 470 ವರ್ಷ ಬೇಕಾಯಿತು. ಲೇಡಿ ಮಾರ್ಗರೆಟ್ ಹೆಸರಿನ ದೋಣಿಯಲ್ಲಿ 150 ವರ್ಷಕ್ಕೂ ಹೆಚ್ಚು ಕಾಲ ಕಾಲೇಜಿನ ಒಬ್ಬ ವಿದ್ಯಾರ್ಥಿನಿಯೂ ಕೂರಲಿಲ್ಲ. ಕೇಂಬ್ರಿಡ್ಜ್ ಹೆಣ್ಣುಮಕ್ಕಳಿಗೆ ಪೂರ್ಣ ಪದವಿ ಕೊಟ್ಟಿದ್ದೇ 1948ರಲ್ಲಿ. ಆಕ್ಸ್‌ಫರ್ಡ್–ಕೇಂಬ್ರಿಡ್ಜ್ ಮಹಿಳೆಯರ ಸ್ಪರ್ಧೆ 1927ರಲ್ಲೇ ಶುರುವಾಗಿದ್ದರೂ ಪುರುಷರ ಸ್ಪರ್ಧೆ ನಡೆಯುವ ದಿನವೇ, ಅದೇ ಥೇಮ್ಸ್ ನೀರಿನಲ್ಲಿ ಅವರಿಗೆ ಜಾಗ ಸಿಕ್ಕಿದ್ದು 2015ರಲ್ಲಿ.

ಇನ್ನು ದುಡಿಯುವ ಜನ. 1879ರಲ್ಲಿ ಹೆನ್ಲಿಯ ಸಂಘಟಕರು ‘ಹವ್ಯಾಸಿ’ ಯಾರು ಎಂಬುದಕ್ಕೆ ನಿಯಮ ಬರೆದರು. ದೋಣಿ ಕೆಲಸದಲ್ಲಿ ಕೂಲಿ ಪಡೆದವರು ಸ್ಪರ್ಧಿಸುವಂತಿಲ್ಲ. ಮೆಕ್ಯಾನಿಕ್, ಕುಶಲಕರ್ಮಿ, ಕೂಲಿಕಾರರಿಗೂ ಪ್ರವೇಶವಿಲ್ಲ. ಮೈ ಬಗ್ಗಿಸಿ ದುಡಿದವರಿಗೆ ತೋಳಿನ ಬಲ ಜಾಸ್ತಿ, ಅದು ಅನ್ಯಾಯದ ಅನುಕೂಲ ಎಂಬುದು ಸಮರ್ಥನೆ. ಓದಿನ ಅನುಕೂಲ, ಹಣದ ಅನುಕೂಲ, ಬಿಡುವಿನ ಅನುಕೂಲ ಮಾತ್ರ ಯಾರಿಗೂ ಅನ್ಯಾಯ ಅನ್ನಿಸಲಿಲ್ಲ.

ಇಟ್ಟಿಗೆ ಕೆಲಸ ಮಾಡಿದ್ದ ಅಮೆರಿಕದ ಜಾಕ್ ಕೆಲ್ಲಿಗೆ 1920ರಲ್ಲಿ ಹೆನ್ಲಿ ಬಾಗಿಲು ಮುಚ್ಚಿತು. ಅದೇ ವರ್ಷ ಆತ ಆಂಟ್‌ವರ್ಪ್ ಒಲಿಂಪಿಕ್ಸ್‌ನಲ್ಲಿ ಬ್ರಿಟನ್ನಿನ ಜಾಕ್ ಬೆರೆಸ್‌ಫರ್ಡ್‌ನನ್ನೇ ಸೋಲಿಸಿ ಚಿನ್ನ ಗೆದ್ದ. 1936ರಲ್ಲಿ ಆಸ್ಟ್ರೇಲಿಯಾದ ಒಲಿಂಪಿಕ್ ತಂಡವನ್ನೂ ಹೊರಗಿಟ್ಟರು, ಯಾಕೆಂದರೆ ಅವರೆಲ್ಲ ಪೊಲೀಸರು. ಗಲಾಟೆಯಾಗಿ 1937ರಲ್ಲಿ ನಿಯಮ ಸಡಿಲವಾಯಿತು.

ನಮ್ಮ ತುಂಗಭದ್ರೆಯ ದಡದಲ್ಲಿ ಹನ್ನೆರಡನೇ ಶತಮಾನದಲ್ಲೇ ದೋಣಿ ನಡೆಸುತ್ತ ವಚನ ಹೇಳಿದ ಅಂಬಿಗರ ಚೌಡಯ್ಯ ಆ ದಿನ ಹೆನ್ಲಿಗೆ ಹೋಗಿದ್ದರೆ? ಹುಟ್ಟು ಹಾಕುವುದನ್ನೇ ಬದುಕು ಮಾಡಿಕೊಂಡವನಿಗೆ ಹುಟ್ಟು ಹಾಕುವ ಸ್ಪರ್ಧೆಯಲ್ಲಿ ಜಾಗ ಇರುತ್ತಿರಲಿಲ್ಲ. ಕನ್ನಡದಲ್ಲಿ ಹುಟ್ಟು ಅಂದರೆ ದೋಣಿಯ ಹುಟ್ಟೂ ಹೌದು, ಜನ್ಮವೂ ಹೌದು. ಹೆನ್ಲಿಯವರು ಮೊದಲನೆಯದರ ಅಳತೆ ಹಿಡಿಯುವ ಮೊದಲೇ ಎರಡನೆಯದರ ಅಳತೆ ಹಿಡಿದಿದ್ದರು.

ಭಾರತದಲ್ಲಿ ಗೆದ್ದವರು ಯಾರು?

ನಮ್ಮಲ್ಲೂ ಕಾಲೇಜು ರೋಯಿಂಗ್ ಇದೆ. ವಿಶ್ವೇಶ್ವರಯ್ಯನವರು ಓದಿದ ಪುಣೆಯ ಎಂಜಿನಿಯರಿಂಗ್ ಕಾಲೇಜಿಗೆ 1928ರಿಂದ ಬೋಟ್ ಕ್ಲಬ್ ಇದೆ. ಅಲ್ಲಿನ ರೆಗಟ್ಟಾ ವಿದ್ಯಾರ್ಥಿಗಳೇ ಮುಂದೆ ನಿಂತು ನಡೆಸುವ ಹಬ್ಬ.

ಆದರೆ ದೇಶಕ್ಕೆ ಪದಕ ತಂದವರಲ್ಲಿ ಹೆಚ್ಚಿನವರು ಕಾಲೇಜಿನಿಂದಲ್ಲ, ಸೇನೆಯಿಂದ ಬಂದವರು. ನಾಸಿಕ್ ಜಿಲ್ಲೆಯ ಬರದ ಹಳ್ಳಿಯ ದತ್ತು ಭೋಕನಾಳ್ ತಂದೆಯ ಜೊತೆ ಬಾವಿ ತೋಡಿದವರು. ಸೇನೆಗೆ ಸೇರಿದ ಮೇಲೆ ರೋಯಿಂಗ್ ಕಲಿತು 2016ರ ರಿಯೋ ಒಲಿಂಪಿಕ್ಸ್‌ನಲ್ಲಿ 13ನೇ ಸ್ಥಾನ ಪಡೆದರು, 2018ರ ಏಷ್ಯನ್ ಗೇಮ್ಸ್‌ನಲ್ಲಿ ನಾಲ್ವರ ದೋಣಿಯಲ್ಲಿ ಚಿನ್ನ ಗೆದ್ದರು. ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಸೇನೆಯ ಅರ್ಜುನ್ ಲಾಲ್ ಜಾಟ್ ಮತ್ತು ಅರವಿಂದ್ ಸಿಂಗ್ 11ನೇ ಸ್ಥಾನ ಪಡೆದರು. 2023ರಲ್ಲಿ ನಡೆದ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಭಾರತದ ರೋಯಿಂಗ್ ತಂಡಕ್ಕೆ ಐದು ಪದಕ ಬಂದವು.

1879ರ ನಿಯಮ ಯಾರನ್ನು ಹೊರಗಿಟ್ಟಿತ್ತೋ ಅಂಥವರಿಗೇ ಸೇನೆ ದೋಣಿ ಕೊಟ್ಟಿತು, ನೀರು ಕೊಟ್ಟಿತು, ಹೊಟ್ಟೆತುಂಬ ಊಟ ಕೊಟ್ಟಿತು, ಅಭ್ಯಾಸಕ್ಕೆ ಸಮಯ ಕೊಟ್ಟಿತು. ಪದಕ ತಾನಾಗಿ ಬಂತು.

ಬೆಂಗಳೂರಿಗೆ ಏನು ಪಾಠ?

ಬೆಂಗಳೂರಲ್ಲಿ ರೋಯಿಂಗ್ ಅಂದರೆ ಹಲಸೂರು ಕೆರೆ, ಅಲ್ಲಿ ಮದ್ರಾಸ್ ಎಂಜಿನಿಯರ್ ಗ್ರೂಪ್‌ನ ಸೈನಿಕರು. ಉಳಿದ ಊರಿಗೆ ಕೆರೆ ಅಂದರೆ ವಾಕಿಂಗ್ ಹಾದಿ, ಇಲ್ಲವೇ ಕೊಳಚೆ ವಾಸನೆ. ಕನಕಪುರ ರಸ್ತೆ, ಬನಶಂಕರಿ, ಕುಮಾರಸ್ವಾಮಿ ಲೇಔಟ್ ಸುತ್ತ ಎಷ್ಟೊಂದು ಎಂಜಿನಿಯರಿಂಗ್ ಕಾಲೇಜುಗಳಿವೆ. ಕೆರೆಗಳೂ ಇವೆ. ಸಾರಕ್ಕಿ ಕೆರೆಯ ಒತ್ತುವರಿ ತೆರವು ಮಾಡಿಸಲು 2015ರಲ್ಲಿ ಜೆಸಿಬಿ ತರಬೇಕಾಯಿತು. ಕೋಣನಕುಂಟೆಗಂತೂ ಹೆಸರಲ್ಲೇ ಒಂದು ಕುಂಟೆ ಇದೆ. ಮೆಟ್ರೋ ನಿಲ್ದಾಣದಲ್ಲಿ ಆ ಹೆಸರು ಕೂಗುತ್ತಾರೆ, ಇಳಿದವರು ನೀರು ಹುಡುಕುವುದಿಲ್ಲ.

‘2,000 ಮೀಟರ್ ನೇರ ನೀರು ಎಲ್ಲಿದೆ ಸ್ವಾಮಿ?’ ಅಂತ ಕೇಳಬಹುದು. ಹಲಸೂರು ಕೆರೆಯಲ್ಲೂ ಅಷ್ಟು ಇಲ್ಲ. ಆದರೆ ಕ್ಯಾಮ್ ನದಿಯಲ್ಲೂ ಬೇಕಾದಷ್ಟು ಅಗಲ ಇರಲಿಲ್ಲ. ಚಿಕ್ಕ ಕೆರೆಗೆ ಹೊಂದುವ ಚಿಕ್ಕ ದೋಣಿ, ಒಂದೊಂದೇ ದೋಣಿ ಬಿಟ್ಟು ಗಡಿಯಾರ ನೋಡುವ ಸ್ಪರ್ಧೆ, ಐದಾರು ಕಾಲೇಜು ಸೇರಿ ಒಂದೇ ದೋಣಿಮನೆ. ಇದಕ್ಕೆ ದೊಡ್ಡ ಎಂಜಿನಿಯರಿಂಗ್ ಬೇಕಿಲ್ಲ. ಬೇಕಾಗಿರುವುದು ಕೊಳಚೆ ಸೇರದ ನೀರು, ಮತ್ತು ಆ ನೀರಿಗೆ ಎಲ್ಲರನ್ನೂ ಬಿಡುವ ಬಾಗಿಲು.

ಎರಡನೆಯದನ್ನು ಮರೆತು ಬರೀ ಮೊದಲನೆಯದನ್ನು ಕೇಳಿದರೆ ಏನಾಗುತ್ತೆ ಅಂತ ಹೆನ್ಲಿ ತೋರಿಸಿದೆ. ನಾಳೆ ಒಂದು ಕೆರೆ ಶುದ್ಧವಾಗಿ, ಬೇಲಿ ಬಿದ್ದು, ಸದಸ್ಯತ್ವ ಶುಲ್ಕದ ಬೋರ್ಡ್ ಬಂದರೆ ಅದನ್ನು ಗೆಲುವು ಅನ್ನಬೇಡಿ. ಕೆರೆ ಏರಿಯ ಪಕ್ಕದ ಶೆಡ್ಡಿನಲ್ಲಿರುವ ಕಟ್ಟಡ ಕೆಲಸದವರ ಮಗಳು ಆ ದೋಣಿ ಹತ್ತಬಹುದಾ ಅಂತ ಮೊದಲು ಕೇಳಿ.