ಅಟ್ಟದ ಮೇಲಿನ ಡಬ್ಬಿ, ಹವಾಯಿಯ ದ್ವೀಪ

ನಿಮ್ಮನೆ ರೂಟರ್ ಎಲ್ಲಿದೆ? ನಮ್ಮನೇದು ಅಡುಗೆಮನೆ ಅಟ್ಟದ ಮೇಲೆ. ಫೈಬರ್ ವೈರು ಅಲ್ಲಿಗೇ ಬಂದಿತ್ತು. ನಾನು ಏಣಿ ಹತ್ತಿ, ರೂಟರನ್ನ ಅಜ್ಜಿಯ ತಾಮ್ರದ ಹಂಡೆ ಹಿಂದೆ ನೀಟಾಗಿ ಇಟ್ಟುಬಂದೆ. ಲೈಟೆಲ್ಲ ಹತ್ತಿತು. ಕೆಳಗೆ ನಡುಮನೇಲಿ ನೋಡಿದ್ರೆ ಸಿಗ್ನಲ್ ಒಂದೇ ಕಡ್ಡಿ! ಲೋಹ ರೇಡಿಯೋ ಅಲೆಗೆ ಅಡ್ಡ ಬರುತ್ತೆ ಅಂತ ಪಿಯುಸಿಯಲ್ಲಿ ಬರೆದು ಮಾರ್ಕ್ಸ್ ತಗೊಂಡಿದ್ದೆ, ಹಂಡೆ ಮುಂದೆ ಮರೆತೇಹೋಯ್ತು. ಅವತ್ತು ಸಂಜೆ ಅಜ್ಜಿ ವಾರವೆಲ್ಲ ಕಾದಿದ್ದ ವೀಡಿಯೋ ಕಾಲ್‌ನಲ್ಲಿ ಅತ್ತೆ ಮುಖ ಅರ್ಧಕ್ಕೇ ನಿಂತುಬಿಡ್ತು.

ಈ ಡಬ್ಬಿಯ ಕಥೆ ಶುರುವಾಗಿದ್ದೂ ದೂರ ಇರೋರನ್ನ ಮುಟ್ಟೋ ಪಾಡಿನಿಂದಲೇ. 1971, ಹವಾಯಿ ವಿಶ್ವವಿದ್ಯಾಲಯ. ದೊಡ್ಡ ಕಂಪ್ಯೂಟರ್ ಒಂದು ದ್ವೀಪದಲ್ಲಿ, ಕೆಲವು ಕಾಲೇಜುಗಳು ಸಮುದ್ರದಾಚೆ ಬೇರೆ ದ್ವೀಪಗಳಲ್ಲಿ. ಫೋನ್ ಲೈನ್ ದುಬಾರಿ, ನಂಬೋ ಹಾಗೂ ಇರಲಿಲ್ಲ. ನಾರ್ಮನ್ ಅಬ್ರಾಮ್ಸನ್ (ಸರ್ಫಿಂಗ್ ಹುಚ್ಚಿನ ಮೇಷ್ಟ್ರು!) ಮತ್ತು ಅವರ ತಂಡ ರೇಡಿಯೋ ಮೊರೆಹೋದರು. ಹೆಸರು ಅಲೋಹಾನೆಟ್.

ಕಳಿಸೋರಿಗೆಲ್ಲ ಒಂದೇ ಚಾನೆಲ್. ಮೇಷ್ಟ್ರಿಲ್ಲದ ಕ್ಲಾಸ್ ಥರ ಇಬ್ಬರು ಒಟ್ಟಿಗೆ ಮಾತಾಡಿದ್ರೆ ಎರಡೂ ಹಾಳು. ಅವರ ನಿಯಮ ಇಷ್ಟೇ: ಬೇಕಾದಾಗ ಕಳಿಸು. ‘ಸಿಕ್ತು’ ಅಂತ ಉತ್ತರ ಬರಲಿಲ್ವಾ? ಸ್ವಲ್ಪ ಕಾದು ಮತ್ತೆ ಕಳಿಸು. ಎಷ್ಟು ಕಾಯ್ಬೇಕು ಅನ್ನೋದು ಮಾತ್ರ ಚೀಟಿ ಎತ್ತಿದ ಹಾಗೆ. ಇಬ್ಬರೂ ಸಮ ಕಾದ್ರೆ ಮತ್ತೆ ಡಿಕ್ಕಿನೇ ಅಲ್ವಾ! ಲೆಕ್ಕದ ಪ್ರಕಾರ ಚಾನೆಲ್‌ನ ಹೆಚ್ಚಂದ್ರೆ 18% ಕೆಲಸಕ್ಕೆ ಬರುತ್ತೆ. ಆದ್ರೂ ನಡೀತು.

ಇದನ್ನ ಓದಿದ ಬಾಬ್ ಮೆಟ್‌ಕಾಫ್ 1973ರಲ್ಲಿ ಜೆರಾಕ್ಸ್‌ನ (ಹೌದು, ನಾವು ‘ಜೆರಾಕ್ಸ್ ಅಂಗಡಿ’ ಅಂತೀವಲ್ಲ, ಅದೇ) ಪ್ರಯೋಗಾಲಯದಲ್ಲಿ ಒಂದು ಮಾತು ಸೇರಿಸಿದರು: ಬಾಯಿ ತೆಗೆಯೋ ಮುಂಚೆ ಕಿವಿ ಕೊಡು, ತಂತಿ ಸುಮ್ಮನಿದ್ರೆ ಮಾತ್ರ ಮಾತಾಡು. ಅದೇ ಈಥರ್ನೆಟ್. ನಿಮ್ಮ ರೂಟರ್ ಹಿಂದಿನ ಆ ಚೌಕ ತೂತುಗಳು ಅದರದ್ದೇ.

ಮತ್ತೆ ಗಾಳಿಗೆ ಬರೋಣ. 1985ರಲ್ಲಿ ಅಮೆರಿಕದ ಎಫ್‌ಸಿಸಿ, ಮೈಕ್ರೋವೇವ್ ಓವನ್‌ಗಳ ಗದ್ದಲ ತುಂಬಿದ್ದ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲೂ ಲೈಸೆನ್ಸ್ ಇಲ್ಲದೆ ಸಂದೇಶ ಕಳಿಸೋಕೆ ಬಿಡ್ತು. ಇಡೀ ಕಥೇಲಿ ನಂಗೆ ತುಂಬಾ ಇಷ್ಟ ಆಗೋದು ಈ ತೀರ್ಮಾನ. ಅದನ್ನೂ ಹರಾಜು ಹಾಕಿದ್ದಿದ್ರೆ ನಮ್ಮಂಥೋರ ಅಟ್ಟಕ್ಕೆ ಬರ್ತಿತ್ತಾ? 1997ರಲ್ಲಿ ವೈ-ಫೈನ ಮೊದಲ ಮಾನದಂಡ ಬಂತು, ವೇಗ ಸೆಕೆಂಡಿಗೆ 2 ಮೆಗಾಬಿಟ್. ನಮ್ಮ ದೇಶದಲ್ಲಿ 2005ರಲ್ಲಿ ಮನೆ ಒಳಗೂ ಹೊರಗೂ ಈ ಪಟ್ಟಿಗೆ ಲೈಸೆನ್ಸ್ ಬೇಡ ಅಂತಾಯ್ತು. ಕಿವಿಗೊಟ್ಟು, ಚೀಟಿ ಎತ್ತಿದ ಹಾಗೆ ಕಾಯೋ ಅಭ್ಯಾಸ ವೈ-ಫೈಗೆ ಇವತ್ತಿಗೂ ಇದೆ.

ಮಾರನೇ ದಿನ ಹಂಡೆಯನ್ನ ಮೂಲೆಗೆ ಸರಿಸಿ, ರೂಟರನ್ನ ಅಟ್ಟದ ಅಂಚಿಗೆ ತಂದೆ. ಕೆಳಗೇ ಓವನ್ ಇರೋದ್ರಿಂದ ಅಜ್ಜಿ ಫೋನನ್ನ 5 ಗಿಗಾಹರ್ಟ್ಸ್‌ಗೆ ಹಾಕಿಕೊಟ್ಟೆ. ಸಂಜೆ ಅತ್ತೆ ಪೂರ್ತಿ ಬಂದ್ರು. ಅಜ್ಜಿ ಮೊದಲು ಹೇಳಿದ್ದು, “ನನ್ ಹಂಡೆ ಎಲ್ಲಿಟ್ಟಿದಾನೆ ಕೇಳೇ ಇವನ್ನ.”

#ಅಟ್ಟದಕಥೆ #ಕನ್ನಡದಲ್ಲಿಇತಿಹಾಸ