ಬಿಟ್ಟ ಮೇಲೆ ಬದುಕಿದವರು

ನಮ್ಮ ಕನ್ನಡದ ಮನೆಗಳಲ್ಲಿ ಯಾರೋ ಗಂಡ ಹೆಂಡತಿ ಬೇರೆಯಾದರು ಎಂಬ ಸುದ್ದಿ ಬಂದರೆ ಹಿರಿಯರು ದನಿ ತಗ್ಗಿಸಿ ಹೇಳುವ ಮಾತು ನಿಮಗೂ ಗೊತ್ತು: "ಇದೆಲ್ಲ ಈ ದೇಶದ ಗಾಳಿ. ನಮ್ಮ ಕಡೆ ಇಂಥದ್ದೆಲ್ಲ ಇರಲಿಲ್ಲ." ಚರಿತ್ರೆಯನ್ನು ತೆಗೆದು ನೋಡಿದರೆ ಈ ಮಾತಿನ ಎರಡು ಅರ್ಧಗಳೂ ನಿಲ್ಲುವುದಿಲ್ಲ.

ಮೊದಲು ಈ ದೇಶವನ್ನೇ ನೋಡೋಣ. 1838ರಲ್ಲಿ ಜಾರಿಗೆ ಬಂದ ಡಚ್ ನಾಗರಿಕ ಸಂಹಿತೆಯಲ್ಲಿ ವಿಚ್ಛೇದನಕ್ಕೆ ನಾಲ್ಕೇ ಕಾರಣಗಳಿದ್ದವು: ವ್ಯಭಿಚಾರ, ಬೇಕೆಂದೇ ಬಿಟ್ಟುಹೋಗುವುದು, ದೀರ್ಘ ಜೈಲುಶಿಕ್ಷೆ, ಜೀವಕ್ಕೆ ಅಪಾಯ ತರುವಂಥ ಹಿಂಸೆ. ಇಬ್ಬರೂ ಒಪ್ಪಿ ಬೇರೆಯಾಗುತ್ತೇವೆ ಅಂದರೆ ಕಾನೂನು ಒಪ್ಪುತ್ತಿರಲಿಲ್ಲ. ಹಾಗಾದರೆ ಜನ ಏನು ಮಾಡಿದರು? ಸುಳ್ಳು ಹೇಳಿದರು. 1883ರಲ್ಲಿ ಇಲ್ಲಿಯ ಸರ್ವೋಚ್ಚ ನ್ಯಾಯಾಲಯ ಹೋಗೆ ರಾಡ್ ಒಂದು ತೀರ್ಪು ಕೊಟ್ಟಿತು. ವ್ಯಭಿಚಾರದ ಆರೋಪವನ್ನು ಎದುರು ಪಕ್ಷ ಅಲ್ಲಗಳೆಯದಿದ್ದರೆ ಬೇರೆ ಸಾಕ್ಷಿ ಬೇಡ ಎಂದು ಅದರ ಸಾರ. ಅಲ್ಲಿಂದ ಮುಂದೆ ಬೇರೆಯಾಗಬೇಕೆಂದವರು ಮನೆಯಲ್ಲೇ ಮಾತಾಡಿಕೊಂಡು ಬರುತ್ತಿದ್ದರು. ಒಬ್ಬರು, ಹೆಚ್ಚಾಗಿ ಗಂಡ, ಮಾಡದ ತಪ್ಪನ್ನು ಒಪ್ಪಿಕೊಳ್ಳುತ್ತಿದ್ದರು. ಯಾಕೆಂದರೆ ತಪ್ಪು ಹೆಂಡತಿಯ ತಲೆಗೆ ಬಂದರೆ ಅವಳಿಗೆ ಜೀವನಾಂಶ ಕೇಳುವ ಹಕ್ಕೇ ಹೋಗುತ್ತಿತ್ತು. ನ್ಯಾಯಾಧೀಶರಿಗೂ ಗೊತ್ತು, ವಕೀಲರಿಗೂ ಗೊತ್ತು. ಡಚ್ಚರು ಇದಕ್ಕೆ ಇಟ್ಟ ಹೆಸರು 'ದೆ ಗ್ರೋಟೆ ಲ್ಯೂಗನ್', ದೊಡ್ಡ ಸುಳ್ಳು. ನೇರವಾಗಿ ಮಾತಾಡುವವರು ಎಂದು ಹೆಸರಾದ ಈ ಜನ 88 ವರ್ಷ ಕೋರ್ಟಿನಲ್ಲಿ ನಿಂತು ಈ ನಾಟಕ ಆಡಿದರು ಅನ್ನುವುದು ನನಗೆ ಈಗಲೂ ಸೋಜಿಗ. 1971ರ ಅಕ್ಟೋಬರ್ 1ರಂದು ಹೊಸ ಕಾನೂನು ಬಂತು. ಅಂದಿನಿಂದ ಸಂಬಂಧ ಸರಿಪಡಿಸಲಾರದಷ್ಟು ಮುರಿದಿದೆ ಅಂದರೆ ಸಾಕು, ಯಾರ ತಪ್ಪು ಎಂದು ಹೇಳಬೇಕಿಲ್ಲ.

ಆದರೆ ಬೇರೆಯಾಗುವುದು ಒಂದು ದಿನದ ಕೆಲಸ. ಮರುದಿನದಿಂದ ಊಟ, ಬಾಡಿಗೆ, ಮಕ್ಕಳ ಬೂಟು? ನನ್ನ ಲೆಕ್ಕದಲ್ಲಿ 1971ಕ್ಕಿಂತ ದೊಡ್ಡ ವರ್ಷ 1965. 1956ರ ಕೊನೆಯವರೆಗೂ ಇಲ್ಲಿ ಮದುವೆಯಾದ ಹೆಣ್ಣು ಕಾನೂನಿನ ಕಣ್ಣಲ್ಲಿ ಹೆಚ್ಚುಕಡಿಮೆ ಮೈನರ್ ಇದ್ದಂತೆ. ಗಂಡನ ಒಪ್ಪಿಗೆಯಿಲ್ಲದೆ ಒಪ್ಪಂದಗಳಿಗೆ ಸಹಿ ಹಾಕುವಂತಿಲ್ಲ. ಸರ್ಕಾರಿ ಕೆಲಸದಲ್ಲಿದ್ದವಳು ಮದುವೆಯಾದರೆ ಮನೆಗೆ ಕಳಿಸುತ್ತಿದ್ದರು. ಅದರ ವಿರುದ್ಧ ಕೊರಿ ಟೆಂಡೆಲೋ ಸಂಸತ್ತಿನಲ್ಲಿ ನಿರ್ಣಯ ಗೆಲ್ಲಿಸಿದ್ದು 1955ರಲ್ಲಿ. ಹೀಗೆ ಇಪ್ಪತ್ತು ವರ್ಷ ಅಡುಗೆಮನೆಯಲ್ಲಿ ಕಳೆದವಳು ಬೇರೆಯಾದರೆ, ಚರ್ಚಿನ ಬಡವರ ನಿಧಿಯ ಮುಂದೆ ಇಲ್ಲವೇ ಅಣ್ಣತಮ್ಮಂದಿರ ಬಾಗಿಲಲ್ಲಿ ಕೈಯೊಡ್ಡಬೇಕಾಗಿತ್ತು. ದೇಶದ ಮೊದಲ ಮಹಿಳಾ ಮಂತ್ರಿ ಮಾರ್ಗಾ ಕ್ಲೊಂಪೆ ರೂಪಿಸಿದ ಬೈಸ್ಟಾಂಡ್ ಕಾಯ್ದೆ 1965ರ ಜನವರಿ 1ರಂದು ಜಾರಿಗೆ ಬಂದಾಗ ಆ ದಾನ ಹಕ್ಕಾಯಿತು. ಮನೆ ಬಿಡಲು ಧೈರ್ಯ ಮಾಡಿದ ಎಷ್ಟೋ ಹೆಂಗಸರ ಕೈಗೆ ಮೊದಲ ಬಾರಿ ತಮ್ಮ ಹೆಸರಿನ ದುಡ್ಡು ಬಂತು. 'ಬೈಸ್ಟಾಂಡ್ ತಾಯಿ' ಅನ್ನುವ ಮಾತೂ ಹುಟ್ಟಿತು. ಅದರಲ್ಲಿ ಕೊಂಕೂ ಇತ್ತು ಅನ್ನಿ.

1974ರಲ್ಲಿ ಆಮ್ಸ್ಟರ್ಡಾಮಿನಲ್ಲಿ ಹೊಡೆತ ತಿಂದು ಬಂದವರಿಗಾಗಿ ಗುಟ್ಟಿನ ವಿಳಾಸದ ಮೊದಲ ಆಶ್ರಯಮನೆ ತೆರೆಯಿತು. 'ನನ್ನ ಮೈ ಮುಟ್ಟಬೇಡ' ಎಂಬುದೇ ಅದರ ಹೆಸರು. ಅದೇ ದಶಕದಲ್ಲಿ ಮೂಡರ್-ಮಾವೊ ಎಂಬ ಶಾಲೆಗಳೂ ಬಂದವು. ಮಕ್ಕಳನ್ನು ಶಾಲೆಗೆ ಬಿಟ್ಟು ತಾಯಂದಿರು ಹಗಲಲ್ಲೇ ಪಾಠಕ್ಕೆ ಕೂರುತ್ತಿದ್ದರು. ನಿಮ್ಮ ಡಚ್ ಗೆಳೆಯರ ಅಜ್ಜಿಯರನ್ನು ಕೇಳಿ ನೋಡಿ, ಅಲ್ಲಿ ಓದಿದವರು ಸಿಕ್ಕರೂ ಸಿಕ್ಕಾರು.

ಇನ್ನು "ನಮ್ಮ ಕಡೆ ಇರಲಿಲ್ಲ" ಅನ್ನುವ ಮಾತು. ಯಾರ ಕಡೆ? ಕರ್ನಾಟಕದ ಬಹಳಷ್ಟು ಸಮುದಾಯಗಳಲ್ಲಿ ಗಂಡನನ್ನು ಬಿಟ್ಟವಳಿಗೂ ವಿಧವೆಗೂ ಮರುಮದುವೆ ಇತ್ತು. ಅದನ್ನು ಉಡಿಕೆ, ಕೂಡಿಕೆ, ಸೀರುಡಿಕೆ ಎಂದೆಲ್ಲ ಕರೆಯುತ್ತಿದ್ದರು. ಮೊದಲ ಮದುವೆಯ ಸಡಗರ ಅದಕ್ಕಿರಲಿಲ್ಲ, ಮರ್ಯಾದೆಯೂ ಒಂದು ಕೈ ಕಡಿಮೆಯೇ. ಆದರೂ ಬದುಕು ಮುಂದುವರಿಯಲು ದಾರಿ ಇತ್ತು. ಉತ್ತರ ಕರ್ನಾಟಕದಲ್ಲಿ ಬಿಡುಗಡೆಯ ಪತ್ರಕ್ಕೆ ಸೋಡಚೀಟಿ ಎಂಬ ಹೆಸರೇ ಇದೆ. ತುಳುನಾಡಿನ ಅಳಿಯಸಂತಾನದಲ್ಲಿ ಹೆಣ್ಣಿನ ಬೇರು ತಾಯಮನೆಯಲ್ಲೇ. ಸಂಬಂಧ ಮುರಿದರೆ ಅವಳೂ ಮಕ್ಕಳೂ ಬೀದಿಗೆ ಬೀಳುತ್ತಿರಲಿಲ್ಲ. 1955ರ ಹಿಂದೂ ವಿವಾಹ ಕಾಯ್ದೆ ವಿಚ್ಛೇದನವನ್ನು ಎಲ್ಲ ಹಿಂದೂಗಳಿಗೂ ತಂದಾಗ ಈ ಹಳೆಯ ರೂಢಿಗಳನ್ನೂ ಉಳಿಸಿಕೊಂಡಿತು.

ಉಳ್ಳಾಲದ ರಾಣಿಯ ಕಥೆಯನ್ನಂತೂ ಬಿಡಲಾಗದು. ನಾವು ಅಬ್ಬಕ್ಕ ಎಂದು ಕರೆಯುವ ಹೆಸರು. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ ಆ ಕಡೆ ಬಂದಾಗ ಅವಳು ಬಂಗ ಅರಸನಿಂದ ಬೇರೆಯಾಗಿದ್ದಳು. ಅವನು ಕೊಟ್ಟ ಒಡವೆಗಳನ್ನು ಹಿಂತಿರುಗಿಸಿಯೇ ಬಿಟ್ಟಿದ್ದಳು. ಅವನು ಪೋರ್ಚುಗೀಸರ ಕಡೆಗಾದರೆ ಅವಳು ಇಕ್ಕೇರಿಯ ವೆಂಕಟಪ್ಪ ನಾಯಕನ ಬೆಂಬಲ ಪಡೆದಳು. ದೆಲ್ಲಾ ವಾಲೆ ಅವಳನ್ನು ಕಂಡದ್ದು ಸಿಂಹಾಸನದ ಮೇಲಲ್ಲ. ನೀರಿನ ಕಾಲುವೆಯ ಕೆಲಸ ನೋಡಿಕೊಳ್ಳುತ್ತ ಬರಿಗಾಲಲ್ಲಿ ಓಡಾಡುತ್ತಿದ್ದಳು. ಅವನ ಪತ್ರಗಳು 1660ರ ದಶಕದಲ್ಲಿ ಆಮ್ಸ್ಟರ್ಡಾಮಿನಲ್ಲಿ ಡಚ್ ಭಾಷೆಯಲ್ಲೇ ಅಚ್ಚಾದವು. ಗಂಡನನ್ನು ಬಿಟ್ಟು ನಾಡು ಆಳಿದ ಹೆಂಗಸಿನ ಸುದ್ದಿ ಕಾಲುವೆ ದಂಡೆಯ ಈ ಊರಿಗೆ ನಮ್ಮ ಕಡೆಯಿಂದಲೇ ಬಂದಿತ್ತು, ನೋಡಿ.

ಇವತ್ತು ಇಲ್ಲಿರುವ ನಮ್ಮವರಿಗೆ ತೊಡಕುಗಳು ಬೇರೆ. ಸಂಗಾತಿಯ ವೀಸಾದ ಮೇಲೆ ಬಂದವರಿಗೆ ಸಾಮಾನ್ಯವಾಗಿ ಐದು ವರ್ಷ ತುಂಬುವ ಮುನ್ನ ಸ್ವಂತ ವಾಸದ ಹಕ್ಕು ಸಿಗುವುದಿಲ್ಲ. ಮನೆಯೊಳಗಿನ ಹಿಂಸೆಗೆ ವಿನಾಯಿತಿ ಇದೆ, ಅದು ಎಷ್ಟೋ ಜನರಿಗೆ ಗೊತ್ತೇ ಇರುವುದಿಲ್ಲ. ಇಲ್ಲಿಯ ಕೋರ್ಟಿನ ವಿಚ್ಛೇದನ ಅಲ್ಲಿ ತಾನಾಗಿ ನಡೆಯುವುದೂ ಇಲ್ಲ. ಅದಕ್ಕೆ ಇಬ್ಬರ ಒಪ್ಪಿಗೆಯಾದರೂ ಇರಬೇಕು, ಹಿಂದೂ ವಿವಾಹ ಕಾಯ್ದೆ ಒಪ್ಪುವ ಕಾರಣವಾದರೂ ಇರಬೇಕು ಎಂದು ಭಾರತದ ಸುಪ್ರೀಂ ಕೋರ್ಟ್ 1991ರಲ್ಲಿ ಹೇಳಿತು. 'ಸಂಬಂಧ ಮುರಿದಿದೆ' ಎಂಬ ಡಚ್ ಕಾರಣ ಆ ಕಾಯ್ದೆಯಲ್ಲಿ ಇಲ್ಲ. ಹಾಗಾಗಿ ಇಬ್ಬರೂ ಒಪ್ಪಿ ಅರ್ಜಿ ಹಾಕಿದವರ ದಾರಿ ಸುಲಭ. ಇನ್ನು 1995ರಿಂದ, ಬೇರೆ ಒಪ್ಪಂದ ಇಲ್ಲದಿದ್ದರೆ, ಮದುವೆಯ ವರ್ಷಗಳಲ್ಲಿ ಕೂಡಿದ ವೃದ್ಧಾಪ್ಯ ಪಿಂಚಣಿಯಲ್ಲಿ ಅರ್ಧ ಪಾಲು ಇನ್ನೊಬ್ಬರದು. ಮನೆಯಲ್ಲೇ ಉಳಿದ ತಾಯಂದಿರಿಗೆ ಇದು ಸಣ್ಣ ಮಾತಲ್ಲ.

ನಿಮ್ಮಲ್ಲಿ ಕೆಲವರ ಅಪ್ಪ ಅಮ್ಮ ಬೇರೆಯಾಗಿರಬಹುದು, ಇಲ್ಲವೇ ಈಗ ಆಗುತ್ತಿರಬಹುದು. 2009ರಿಂದ ಇಲ್ಲಿ ಚಿಕ್ಕ ಮಕ್ಕಳಿರುವವರು ಬೇರೆಯಾಗುವಾಗ ಮಕ್ಕಳ ಪಾಲನೆಯ ಯೋಜನೆಯನ್ನು ಬರೆದು ಕೊಡಬೇಕು. ಅದನ್ನು ಬರೆಯುವಾಗ ಮಕ್ಕಳನ್ನು ಹೇಗೆ ಸೇರಿಸಿಕೊಂಡರು ಎಂಬುದನ್ನೂ ತಿಳಿಸಬೇಕು. ಹನ್ನೆರಡು ತುಂಬಿದ ಮಗುವಿಗೆ ಕೋರ್ಟಿನಿಂದಲೇ ಕಾಗದ ಬರುತ್ತದೆ. ಬಂದು ನ್ಯಾಯಾಧೀಶರ ಹತ್ತಿರ ಮಾತಾಡಬಹುದು, ಬೇಡವಾದರೆ ಬರೆದು ಕಳಿಸಬಹುದು.